ಯುದ್ಧ ಕೆಡಿಸಿದ ನೆಲ-ನೀರಿಗೆ ನ್ಯಾಯ ಕೇಳಲು ಯಾವ ಬಾಗಿಲು ತಟ್ಟಬೇಕು?

ತೈಲ ಸಂಗ್ರಹಾಗಾರಕ್ಕೆ ಬಾಂಬು ಬಿತ್ತು. ಎಣ್ಣೆ ನದಿಗಿಳಿಯಿತು, ಮೀನು ಸತ್ತು ತೇಲಿದವು, ದಡದ ಊರುಗಳ ಬಾವಿ ನೀರು ಬಾಯಿಗಿಡಲಾಗದಂತಾಯಿತು. ಬಾಂಬು ಹಾಕಿದವರು ಯಾರೆಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಕೇಸು ಹಾಕುವುದೆಲ್ಲಿ?

ಈ ಪ್ರಶ್ನೆ ಕೇಳುವವರಲ್ಲಿ ಕಾನೂನು ವಿದ್ಯಾರ್ಥಿಗಳಿದ್ದಾರೆ, ಪರಿಸರ ಸಂಘಟನೆಯವರಿದ್ದಾರೆ, ವರದಿಗಾರರಿದ್ದಾರೆ. ಬಹಳಷ್ಟು ಜನ ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದ, ಹೇಗ್ ನ್ಯಾಯಾಲಯ, ಇಕೋಸೈಡ್ ಎಂಬ ಪರಿಸರ ಹತ್ಯೆ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅವು ಬೇರೆ ಬೇರೆ ಬಾಗಿಲುಗಳು. ಒಂದರಲ್ಲಿ ಸಿಗುವುದು ಇನ್ನೊಂದರಲ್ಲಿ ಸಿಗುವುದಿಲ್ಲ. ತಪ್ಪು ಬಾಗಿಲ ಮುಂದೆ ನಿಂತರೆ ಹತ್ತಿಪ್ಪತ್ತು ವರ್ಷ ಹಾಗೇ ಕಳೆದುಹೋಗುತ್ತದೆ, ಅಷ್ಟರಲ್ಲಿ ಆ ನದಿಯ ದಡದಲ್ಲಿ ಒಂದು ತಲೆಮಾರು ಬೆಳೆದಿರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನಿಮಗೆ ಬೇಕಾಗಿರುವುದು ಏನು? ಆಜ್ಞೆ ಕೊಟ್ಟ ಸೇನಾಧಿಕಾರಿ ಜೈಲಿಗೆ ಹೋಗಬೇಕೇ, ನೆಲ ಶುಚಿ ಮಾಡಲು ಹಣ ಬರಬೇಕೇ, ನಡೆಯುತ್ತಿರುವ ಹಾನಿ ನಿಲ್ಲಬೇಕೇ, ಅಥವಾ ನಡೆದದ್ದು ನಡೆಯಿತೆಂದು ಜಗತ್ತಿನ ಮುಂದೆ ದಾಖಲಾದರೆ ಸಾಕೇ? ನಾಲ್ಕೂ ಬೇಕು ಅನ್ನಿಸುವುದು ಸಹಜ. ಆದರೆ ಮೊದಲನೆಯದು ಯಾವುದು ಎಂದು ನಿರ್ಧರಿಸದೆ ಮುಂದೆ ಓದಿ ಪ್ರಯೋಜನವಿಲ್ಲ.

ಎರಡನೆಯದು, ಯುದ್ಧ ಎರಡು ದೇಶಗಳ ನಡುವಿನದೇ, ಒಂದೇ ದೇಶದೊಳಗಿನ ಅಂತರ್ಯುದ್ಧವೇ? ಈ ಒಂದು ಉತ್ತರಕ್ಕೇ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತವೆ. ಮೂರನೆಯದು, ಎದುರಾಳಿ ದೇಶ ಯಾವ ಒಪ್ಪಂದಕ್ಕೆ ಸೇರಿದೆ? ನಾಲ್ಕನೆಯದು, ಕೇಳುತ್ತಿರುವ ನೀವು ಯಾರು: ಸರ್ಕಾರವೇ, ಸಂಘಟನೆಯೇ, ನೀರು ಕೆಟ್ಟ ಊರಿನವರೇ? ಕೊನೆಯದು, ನಿಮ್ಮ ಕೈಯಲ್ಲಿರುವ ಪುರಾವೆ ಎಂಥದ್ದು, ಅದನ್ನು ಸಂಗ್ರಹಿಸಲು ಹಣವೆಷ್ಟು, ಕಾಯಲು ಎಷ್ಟು ವರ್ಷ ಸಿದ್ಧರಿದ್ದೀರಿ? ಎಲ್ಲರೂ ಕೊನೆಗೆ ಕೇಳುವ ಈ ಪ್ರಶ್ನೆಯೇ ಹೆಚ್ಚಿನ ಪ್ರಕರಣಗಳ ಹಣೆಬರಹ ಬರೆದಿದೆ. ಅದನ್ನು ಮುಂದೆ ನೋಡೋಣ.

‘ಅಥವಾ’ ಮತ್ತು ‘ಮತ್ತು’: ಎರಡು ಒಪ್ಪಂದಗಳ ನಡುವೆ

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಏಜೆಂಟ್ ಆರೆಂಜ್‌ನಂಥ ಕಳೆನಾಶಕಗಳನ್ನು ವಿಮಾನದಿಂದ ಸುರಿಯಿತು. ಶತ್ರುವಿನ ಸಾಗಣೆ ದಾರಿಗಳು ಕೆಸರಾಗಲೆಂದು ಮೋಡ ಬಿತ್ತನೆಯನ್ನೂ ಮಾಡಿತು. ಆ ಯುದ್ಧ ಮುಗಿಯುತ್ತಿದ್ದಂತೆ, ಆರೇಳು ತಿಂಗಳ ಅಂತರದಲ್ಲಿ ಎರಡು ಒಪ್ಪಂದಗಳು ರೂಪುಗೊಂಡವು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1976ರ ಡಿಸೆಂಬರ್‌ನಲ್ಲಿ ಒಪ್ಪಿದ, ಪ್ರಕೃತಿಯನ್ನೇ ತಿರುಚಿ ಆಯುಧ ಮಾಡಿಕೊಳ್ಳುವುದನ್ನು ನಿಷೇಧಿಸುವ ಎನ್‌ಮಾಡ್ ಒಪ್ಪಂದ ಒಂದು. 1977ರ ಜೂನ್‌ನಲ್ಲಿ ಅಂಗೀಕಾರವಾದ, ಜಿನೀವಾ ಒಪ್ಪಂದಗಳ ಮೊದಲನೇ ಹೆಚ್ಚುವರಿ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಇನ್ನೊಂದು.

ಯಾವ ಮಟ್ಟದ ಹಾನಿ ನಿಷಿದ್ಧ ಎಂದು ಹೇಳಲು ಎರಡರಲ್ಲೂ ಹೆಚ್ಚುಕಡಿಮೆ ಅವೇ ಮೂರು ವಿಶೇಷಣಗಳಿವೆ: ವ್ಯಾಪಕ, ದೀರ್ಘಕಾಲಿಕ, ತೀವ್ರ. ವ್ಯತ್ಯಾಸವಿರುವುದು ನಡುವಿನ ಪುಟ್ಟ ಪದದಲ್ಲಿ. ಎನ್‌ಮಾಡ್ ‘ಅಥವಾ’ ಎನ್ನುತ್ತದೆ, ಪ್ರೋಟೋಕಾಲ್‌ನ 35 ಮತ್ತು 55ನೇ ವಿಧಿಗಳು ‘ಮತ್ತು’ ಎನ್ನುತ್ತವೆ. ಎನ್‌ಮಾಡ್‌ನಲ್ಲಿ ಮೂರರಲ್ಲಿ ಒಂದು ಸಾಬೀತಾದರೆ ಸಾಕು. ವ್ಯಾಪಕ ಎಂದರೆ ಕೆಲವು ನೂರು ಚದರ ಕಿಲೋಮೀಟರ್, ದೀರ್ಘಕಾಲಿಕ ಎಂದರೆ ಕೆಲವು ತಿಂಗಳು ಅಥವಾ ಸುಮಾರು ಒಂದು ಋತು. ಪ್ರೋಟೋಕಾಲ್‌ನಲ್ಲಿ ಮೂರೂ ಒಟ್ಟಿಗೆ ಸಾಬೀತಾಗಬೇಕು, ಅಲ್ಲಿ ದೀರ್ಘಕಾಲ ಎಂದರೆ ದಶಕಗಳು ಎಂಬುದೇ ರೂಪಿಸಿದವರ ಮನಸ್ಸಿನಲ್ಲಿದ್ದದ್ದು.

ಹಾಗಾದರೆ ಎನ್‌ಮಾಡ್ ಸುಲಭವಲ್ಲವೇ? ಹೊಸ್ತಿಲು ತಗ್ಗು, ನಿಜ. ಆದರೆ ಬಾಗಿಲು ಕಿರಿದು. ಪ್ರಕೃತಿಯ ಪ್ರಕ್ರಿಯೆಯನ್ನೇ ಉದ್ದೇಶಪೂರ್ವಕವಾಗಿ ತಿರುಚಿ ಆಯುಧ ಮಾಡಿಕೊಂಡಾಗ, ಅಂದರೆ ಕೃತಕ ಮಳೆ, ಕೃತಕ ಪ್ರವಾಹ, ಭೂಕಂಪದಂಥವು ನಡೆದಾಗ ಮಾತ್ರ ಅದು ಅನ್ವಯಿಸುತ್ತದೆ. ಕಾರ್ಖಾನೆಗೆ ಬಾಂಬು ಹಾಕಿ ನದಿ ಕೆಟ್ಟರೆ ಅದಕ್ಕೂ ಎನ್‌ಮಾಡ್‌ಗೂ ಸಂಬಂಧವಿಲ್ಲ. ದೂರು ಹೋಗುವುದೂ ಭದ್ರತಾ ಮಂಡಳಿಗೆ, ಅಲ್ಲಿ ವೀಟೋ ಇದೆ.

ಪ್ರೋಟೋಕಾಲ್‌ನ ಬಾಗಿಲು ಅಗಲ, ಸುಮಾರು 170 ದೇಶಗಳು ಅದರಲ್ಲಿವೆ. ಆದರೆ ಅಮೆರಿಕ, ಭಾರತ, ಇಸ್ರೇಲ್, ಪಾಕಿಸ್ತಾನ, ಇರಾನ್, ಟರ್ಕಿ ಸೇರಿಲ್ಲ. ಹೊಸ್ತಿಲು ಎಷ್ಟು ಎತ್ತರ ಎಂಬುದಕ್ಕೆ ಸರ್ಬಿಯಾದ ಪಾಂಚೆವೊ ಸಾಕ್ಷಿ. 1999ರಲ್ಲಿ ನ್ಯಾಟೋ ವಿಮಾನಗಳು ಅಲ್ಲಿನ ಪೆಟ್ರೋಕೆಮಿಕಲ್ ಸಂಕೀರ್ಣದ ಮೇಲೆ ದಾಳಿ ಮಾಡಿದವು, ವಿಷಕಾರಿ ರಾಸಾಯನಿಕಗಳು ಡ್ಯಾನ್ಯೂಬ್ ನದಿಗೆ ಸೇರುವ ಕಾಲುವೆಗೆ ಹರಿದವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ತಂಡ ಕಳಿಸಿ, ತುರ್ತಾಗಿ ಶುಚಿಯಾಗಬೇಕಾದ ಸ್ಥಳಗಳಲ್ಲಿ ಪಾಂಚೆವೊವನ್ನೂ ಸೇರಿಸಿತು. ಆದರೂ ಹಿಂದಿನ ಯುಗೊಸ್ಲಾವಿಯಕ್ಕಾಗಿ ಇದ್ದ ಅಪರಾಧ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ನೇಮಿಸಿದ್ದ ಸಮಿತಿ, ಮೂರು ವಿಶೇಷಣಗಳ ಆ ಎತ್ತರವನ್ನೇ ಎತ್ತಿ ತೋರಿಸಿ, ತನಿಖೆ ಬೇಡವೆಂದು 2000ದಲ್ಲಿ ಸಲಹೆ ಕೊಟ್ಟಿತು.

ಆದ್ದರಿಂದ ನನ್ನ ಸಲಹೆ ಇಷ್ಟು: ಪ್ರೋಟೋಕಾಲನ್ನು ಹಿಡಿಯುವುದಾದರೆ ಪರಿಸರದ ವಿಧಿಯನ್ನು ಮಾತ್ರ ನಂಬಿ ಕೂರಬೇಡಿ. ಅದೇ ಪ್ರೋಟೋಕಾಲ್‌ನ 54ನೇ ವಿಧಿ ಜನ ಬದುಕಲು ಬೇಕಾದ ಬೆಳೆ, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಾಮಗಾರಿಗಳನ್ನು ಕಾಯುತ್ತದೆ. 56ನೇ ವಿಧಿ ಅಣೆಕಟ್ಟು, ಒಡ್ಡು, ಅಣು ವಿದ್ಯುತ್ ಸ್ಥಾವರಗಳನ್ನು ಕಾಯುತ್ತದೆ. ಇವುಗಳಿಗೆ ಆ ಮೂರು ವಿಶೇಷಣಗಳ ಕಾಟವಿಲ್ಲ. 2023ರ ಜೂನ್ 6ರಂದು ಉಕ್ರೇನ್‌ನ ಕಖೋವ್ಕಾ ಅಣೆಕಟ್ಟು ಒಡೆದಾಗ ವಕೀಲರು ಮೊದಲು ತೆರೆದದ್ದು 56ನೇ ವಿಧಿಯ ಪುಟವನ್ನೇ. ನಾಗರಿಕರಿಗೆ ಆಗಬಹುದಾದ ಭಾರೀ ನಷ್ಟವನ್ನು ತೋರಿಸಿದರೆ, ಜಲಾಶಯದ ಮೀನಿಗೂ ಕೆಳಗಿನ ಜವುಗು ನೆಲಕ್ಕೂ ಅದೇ ವಾದದೊಳಗೆ ಜಾಗ ಸಿಗುತ್ತದೆ.

ವ್ಯಕ್ತಿಗೆ ಶಿಕ್ಷೆ ಬೇಕೆನ್ನುವವರಿಗೆ

ಹೇಗ್‌ನಲ್ಲಿ ಎರಡು ನ್ಯಾಯಾಲಯಗಳಿವೆ, ಬಹಳ ಗೊಂದಲ ಹುಟ್ಟುವುದು ಇಲ್ಲೇ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ, ಅಂದರೆ ಐಸಿಸಿ, ವ್ಯಕ್ತಿಗಳನ್ನು ವಿಚಾರಿಸುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ದೇಶಗಳ ನಡುವಿನ ವ್ಯಾಜ್ಯ ಕೇಳುತ್ತದೆ.

ಐಸಿಸಿಯನ್ನು ಸ್ಥಾಪಿಸಿದ 1998ರ ರೋಮ್ ಶಾಸನದ 8ನೇ ವಿಧಿಯಲ್ಲಿ ಪರಿಸರದ ಕಲಮು ಒಂದಿದೆ. ಅದು ಪ್ರೋಟೋಕಾಲ್‌ನ ಮೂರು ವಿಶೇಷಣಗಳನ್ನು ‘ಮತ್ತು’ ಸಮೇತ ಎತ್ತಿಕೊಂಡು, ಮೇಲೆ ಇನ್ನೆರಡು ಭಾರ ಹೇರಿದೆ. ಇಂಥ ಹಾನಿಯಾಗುತ್ತದೆಂದು ದಾಳಿ ಮಾಡಿದವರಿಗೆ ತಿಳಿದಿರಬೇಕು. ನಿರೀಕ್ಷಿಸಿದ ಸೇನಾ ಲಾಭಕ್ಕೆ ಹೋಲಿಸಿದರೆ ಹಾನಿ ಸ್ಪಷ್ಟವಾಗಿ ಮಿತಿಮೀರಿರಬೇಕು. ಸಾಲದ್ದಕ್ಕೆ ಕಲಮು ದೇಶ-ದೇಶಗಳ ಯುದ್ಧಕ್ಕೆ ಮಾತ್ರ. ಈ ಕಲಮಿನಡಿ ಈವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ. ಸದಸ್ಯ ದೇಶಗಳು ಸುಮಾರು 125. ಅಮೆರಿಕ, ರಷ್ಯಾ, ಚೀನಾ, ಭಾರತ ಹೊರಗಿವೆ. ಆದರೆ ಸದಸ್ಯ ದೇಶದ ನೆಲದಲ್ಲಿ ಅಪರಾಧ ನಡೆದರೆ ಹೊರಗಿನ ದೇಶದವರನ್ನೂ ವಿಚಾರಿಸಬಹುದು ಎಂಬುದನ್ನು ಮರೆಯಬೇಡಿ.

ಇಷ್ಟೆಲ್ಲ ಅಡ್ಡಿಯಿದ್ದರೂ ಈ ಬಾಗಿಲಿಗೆ ದೊಡ್ಡ ಗುಣವೊಂದಿದೆ. ರೋಮ್ ಶಾಸನದ 15ನೇ ವಿಧಿಯಡಿ ಪ್ರಾಸಿಕ್ಯೂಟರಿಗೆ ಯಾರು ಬೇಕಾದರೂ ಮಾಹಿತಿ ಕಳಿಸಬಹುದು. ಸರ್ಕಾರದ ಸಹಿ ಬೇಡ, ಶುಲ್ಕವಿಲ್ಲ. ಚಿಕ್ಕ ಸಂಘಟನೆಗೆ ಎಟಕುವ ಅಂತರರಾಷ್ಟ್ರೀಯ ಬಾಗಿಲು ಎಂದರೆ ಹೆಚ್ಚುಕಡಿಮೆ ಇದೊಂದೇ. ಕಳಿಸುವಾಗ ಮನುಷ್ಯರಿಗಾದ ಹಾನಿಯನ್ನು ಮುಂದಿಟ್ಟು, ಪರಿಸರವನ್ನು ಅದರ ಜೊತೆ ಕಟ್ಟಿಕೊಡಿ. ಸುಡಾನ್‌ನ ಅಧ್ಯಕ್ಷರಾಗಿದ್ದ ಒಮರ್ ಅಲ್ ಬಶೀರ್ ವಿರುದ್ಧ 2010ರಲ್ಲಿ ಹೊರಟ ಎರಡನೇ ಬಂಧನ ವಾರಂಟಿನಲ್ಲಿ, ಡಾರ್ಫರ್‌ನ ಬಾವಿಗಳನ್ನೂ ನೀರಿನ ಪಂಪುಗಳನ್ನೂ ಕೆಡಿಸಿದ್ದು ನರಮೇಧದ ಆರೋಪದೊಳಗೇ ಸೇರಿತ್ತು. ಅದು ಅಂತರ್ಯುದ್ಧ, ಪರಿಸರದ ಕಲಮು ಅಲ್ಲಿ ಅನ್ವಯಿಸುತ್ತಲೇ ಇರಲಿಲ್ಲ. ಬಾವಿಯ ವಿಷಯ ಬೇರೆ ದಾರಿಯಲ್ಲಿ ನ್ಯಾಯಾಲಯದೊಳಗೆ ಬಂತು.

ಪರಿಸರ ಹತ್ಯೆಯನ್ನು ರೋಮ್ ಶಾಸನಕ್ಕೆ ಐದನೇ ಅಂತರರಾಷ್ಟ್ರೀಯ ಅಪರಾಧವಾಗಿ ಸೇರಿಸಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ವನುವಾಟು, ಫಿಜಿ, ಸಮೋವಾ ದ್ವೀಪರಾಷ್ಟ್ರಗಳು ತಿದ್ದುಪಡಿ ಮಂಡಿಸಿವೆ. ನಾನು ಅದರ ಪರ. ಆದರೆ ಇಂದು ಕೆಟ್ಟಿರುವ ನದಿಗೆ ನಾಳೆ ಬರುವ ಕಾನೂನನ್ನು ಕಾಯುತ್ತಾ ಕೂರುವಂತಿಲ್ಲ. ಹಿಂದೆ ನಡೆದದ್ದಕ್ಕೆ ಅದು ಅನ್ವಯಿಸುವುದೂ ಇಲ್ಲ. ಉಕ್ರೇನ್, ರಷ್ಯಾ, ವಿಯೆಟ್ನಾಂನಂಥ ಕೆಲವು ದೇಶಗಳ ದಂಡಸಂಹಿತೆಯಲ್ಲಿ ಪರಿಸರ ಹತ್ಯೆ ಈಗಾಗಲೇ ಅಪರಾಧ. ಕಖೋವ್ಕಾ ಒಡೆದಾಗ ಉಕ್ರೇನ್ ತನ್ನ 441ನೇ ಕಲಮಿನಡಿ ತನಿಖೆ ಆರಂಭಿಸಿತು. ಹಾನಿಯಾದ ದೇಶದಲ್ಲಿ ಇಂಥ ಕಾನೂನಿದ್ದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು ಕೊಡಿ. ಹತ್ತಿರದ ದಾರಿ ಅದೇ, ಆರೋಪಿ ಕೈಗೆ ಸಿಗುವುದು ಮಾತ್ರ ಕಷ್ಟ.

ಹಣ ಬೇಕೆನ್ನುವ ದೇಶಕ್ಕೆ: ಐಸಿಜೆಯೇ, ಪರಿಹಾರ ಆಯೋಗವೇ?

ಐಸಿಜೆಗೆ ಹೋಗಬಲ್ಲವು ದೇಶಗಳು ಮಾತ್ರ, ಅದೂ ಎದುರಾಳಿ ದೇಶ ಯಾವುದಾದರೂ ರೀತಿಯಲ್ಲಿ ಅದರ ಅಧಿಕಾರ ಒಪ್ಪಿದ್ದರೆ. ಇಲ್ಲಿ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ 1999ರಲ್ಲಿ ಉಗಾಂಡ ವಿರುದ್ಧ ದಾವೆ ಹೂಡಿತು. ಉಗಾಂಡ ತಪ್ಪಿತಸ್ಥ ಎಂಬ ತೀರ್ಪು 2005ರಲ್ಲಿ ಬಂತು, ಪರಿಹಾರದ ಮೊತ್ತ ನಿಗದಿಯಾದದ್ದು 2022ರ ಫೆಬ್ರವರಿಯಲ್ಲಿ. ಕಾಂಗೊ ಕೇಳಿದ್ದು 1,100 ಕೋಟಿ ಡಾಲರಿಗೂ ಹೆಚ್ಚು. ಸಿಕ್ಕಿದ್ದು 32.5 ಕೋಟಿ ಡಾಲರ್, ಅದರಲ್ಲಿ ಲೂಟಿಯಾದ ನೈಸರ್ಗಿಕ ಸಂಪತ್ತಿನ ಬಾಬ್ತು 6 ಕೋಟಿ. ಕಾಡು ಕಡಿದು ಆದ ಪರಿಸರ ಹಾನಿಗೆ ಬೇರೆಯಾಗಿ ಕೇಳಿದ್ದನ್ನು ನ್ಯಾಯಾಲಯ ಸಾಕ್ಷ್ಯ ಸಾಲದೆಂದು ತಳ್ಳಿಹಾಕಿತು. ಕಾಡು ಹೋದದ್ದು ಸುಳ್ಳೆಂದು ನ್ಯಾಯಾಲಯ ಹೇಳಲಿಲ್ಲ. ಎಲ್ಲಿ, ಎಷ್ಟು, ಯಾರಿಂದ ಎಂಬುದಕ್ಕೆ ಲೆಕ್ಕ ಇರಲಿಲ್ಲ.

ಇನ್ನೊಂದು ತೀರ್ಪು ನಾಲ್ಕು ವರ್ಷ ಮುಂಚಿನದು, ಅದು ಯುದ್ಧವೂ ಅಲ್ಲ. ಕೋಸ್ಟಾರಿಕಾದ ಜವುಗು ಪ್ರದೇಶಕ್ಕೆ ನಿಕರಾಗುವ ತನ್ನವರನ್ನು ಕಳಿಸಿ ಮರ ಕಡಿಸಿ ಕಾಲುವೆ ತೋಡಿಸಿತ್ತು. 2018ರಲ್ಲಿ ಐಸಿಜೆ ಮೊದಲ ಬಾರಿಗೆ ಪರಿಸರ ಹಾನಿಗೆಂದೇ ಪರಿಹಾರ ಕಟ್ಟಿಕೊಟ್ಟಿತು. ಒಟ್ಟು ಮೊತ್ತ 3,78,890 ಡಾಲರ್ 59 ಸೆಂಟ್. ಅದರಲ್ಲಿ ಪ್ರಕೃತಿ ಕೊಡುತ್ತಿದ್ದ ಸೇವೆಗಳ ನಷ್ಟಕ್ಕೆ 1,20,000 ಡಾಲರ್, ಜವುಗು ನೆಲದ ಪುನಶ್ಚೇತನಕ್ಕೆ 2,708 ಡಾಲರ್ 39 ಸೆಂಟ್. ಮೊತ್ತ ಚಿಕ್ಕದು. ಆದರೆ ಆ 39 ಸೆಂಟನ್ನು ಗಮನಿಸಿ. ರಸೀದಿ ಇದ್ದ ಕಡೆ ನ್ಯಾಯಾಲಯ ಸೆಂಟಿನವರೆಗೆ ಲೆಕ್ಕ ಹಾಕಿತು.

ಈಗ ಕುವೈತ್‌ಗೆ ಬರೋಣ, ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಲಿಸುವ ಪ್ರಕರಣ ಅದು. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಇಟ್ಟಿತು. ಕೊನೆಯ ಬೆಂಕಿ ಆರಿದ್ದು ನವೆಂಬರ್ 6ಕ್ಕೆ. ಉರಿಯದೆ ಚಿಮ್ಮಿದ ಎಣ್ಣೆ ಮರುಭೂಮಿಯಲ್ಲಿ ಕೆರೆಗಳಾಗಿ ನಿಂತಿತು. ಗಾಳಿಯಲ್ಲಿ ಹಾರಿದ ಮಸಿ ಮತ್ತು ಎಣ್ಣೆಹನಿ ಮರಳಿನೊಂದಿಗೆ ಬೆರೆತು, ಡಾಂಬರು ಹಾಕಿದಂತೆ ಗಟ್ಟಿ ಕರಿ ಪದರವಾಗಿ ನೆಲವನ್ನು ಮುಚ್ಚಿತು.

ಆಗ ಇರಾಕ್ ಪ್ರೋಟೋಕಾಲ್‌ಗೂ ಸೇರಿರಲಿಲ್ಲ, ಎನ್‌ಮಾಡ್ ಅನ್ನೂ ಅನುಮೋದಿಸಿರಲಿಲ್ಲ. ಆದರೂ ಯುದ್ಧದ ಪರಿಸರ ಹಾನಿಗೆ ಅತಿ ದೊಡ್ಡ ಪರಿಹಾರ ಬಂದದ್ದು ಇಲ್ಲೇ. ಭದ್ರತಾ ಮಂಡಳಿ 1991ರ ಏಪ್ರಿಲ್‌ನಲ್ಲಿ 687ನೇ ನಿರ್ಣಯ ಮಾಡಿ, ಅಕ್ರಮ ಆಕ್ರಮಣದಿಂದಾದ ಎಲ್ಲ ನೇರ ನಷ್ಟಕ್ಕೆ, ಪರಿಸರ ಹಾನಿಯೂ ಸೇರಿ, ಇರಾಕ್ ಹೊಣೆ ಎಂದಿತು. ಆಕ್ರಮಣವೇ ಅಕ್ರಮವಾದ್ದರಿಂದ ಮೂರು ವಿಶೇಷಣಗಳ ಪರೀಕ್ಷೆಯೇ ಬೇಕಾಗಲಿಲ್ಲ. ಯಾವ ಪಕ್ಷದ ಸೇನಾ ಕಾರ್ಯಾಚರಣೆಯಿಂದ ಹಾನಿಯಾಯಿತು ಎಂದು ಬಿಡಿಸಿ ತೋರಿಸುವ ಕಷ್ಟವೂ ತಪ್ಪಿತು. ಹಣ ಬಂದದ್ದು ಇರಾಕಿನ ತೈಲ ವರಮಾನದ ಒಂದು ಪಾಲಿನಿಂದ.

ಅದಕ್ಕಾಗಿ ರಚನೆಯಾದ ವಿಶ್ವಸಂಸ್ಥೆಯ ಪರಿಹಾರ ಆಯೋಗ ಪರಿಸರದ ಕ್ಲೇಮುಗಳನ್ನು ಬೇರೆ ಗುಂಪಾಗಿ ವಿಚಾರಿಸಿತು. ಕೇಳಿದ್ದು ಸುಮಾರು 8,500 ಕೋಟಿ ಡಾಲರ್, ಕೊಟ್ಟದ್ದು ಸುಮಾರು 526 ಕೋಟಿ. ಆಯೋಗದ ಜಾಣತನ ಇದ್ದದ್ದು ಕ್ರಮದಲ್ಲಿ. ಹಾನಿಯ ಮೊತ್ತ ನಿರ್ಧರಿಸುವ ಮೊದಲೇ, 2001ರಲ್ಲಿ, ಹಾನಿಯನ್ನು ಅಳೆಯಲೆಂದೇ ಸುಮಾರು 24 ಕೋಟಿ ಡಾಲರ್ ಮಂಜೂರು ಮಾಡಿತು. ಆ ಹಣದಲ್ಲಿ ದೇಶಗಳು ಮಣ್ಣು, ಅಂತರ್ಜಲ, ಕಡಲತೀರ, ಜನರ ಆರೋಗ್ಯವನ್ನು ಪರೀಕ್ಷಿಸಿ, ಅಂಕಿ ಅಂಶ ಹಿಡಿದು ಮತ್ತೆ ಬಂದವು. ಕಾಂಗೊಗೆ ಇಂಥ ಅನುಕೂಲ ಇರಲಿಲ್ಲ.

ಹಾಗೆಂದು ಕುವೈತ್‌ನ ದಾರಿ ಎಲ್ಲರಿಗೂ ತೆರೆದಿಲ್ಲ. ಭದ್ರತಾ ಮಂಡಳಿಯ ಕಾಯಂ ಸದಸ್ಯರಲ್ಲಿ ಒಬ್ಬರು ಅಥವಾ ಅವರ ಮಿತ್ರರು ಆರೋಪಿಯಾಗಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಸೋತ ದೇಶಕ್ಕೆ ತೈಲದಂಥ ಆದಾಯವೂ ಇರಬೇಕು. ಎಲ್ಲ ಬಗೆಯ ಕ್ಲೇಮುಗಳ ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ, ಅಂದರೆ 31 ವರ್ಷದ ಬಳಿಕ.

ವೀಟೋ ಇರುವ ಕಡೆ ಏನು ಮಾಡುವುದು ಎಂಬುದಕ್ಕೆ ಉಕ್ರೇನ್ ಈಗ ಹುಡುಕಿಕೊಂಡ ದಾರಿ ಹೀಗಿದೆ: 2022ರ ನವೆಂಬರ್‌ನಲ್ಲಿ ಪರಿಹಾರದ ಬಗ್ಗೆ ಸಾಮಾನ್ಯ ಸಭೆಯಿಂದ ನಿರ್ಣಯ, 2023ರ ಮೇನಲ್ಲಿ ಕೌನ್ಸಿಲ್ ಆಫ್ ಯುರೋಪ್ ಆಶ್ರಯದಲ್ಲಿ ಹಾನಿಯ ನೋಂದಣಿ ಪುಸ್ತಕ. ಮೊದಲು ದಾಖಲೆ, ಹಣದ ಮಾತು ಆಮೇಲೆ.

ಸಾಮಾನ್ಯ ಸಭೆಯ ಬಲ ಎಷ್ಟೆಂದು ಲೆಬನಾನ್ ಕಂಡಿದೆ. 2006ರ ಜುಲೈನಲ್ಲಿ ಇಸ್ರೇಲಿ ವಿಮಾನಗಳು ಜಿಯೇ ವಿದ್ಯುತ್ ಸ್ಥಾವರದ ತೈಲ ಟ್ಯಾಂಕುಗಳ ಮೇಲೆ ದಾಳಿ ಮಾಡಿದವು, ಕಡಲತೀರ ಉದ್ದಕ್ಕೂ ಎಣ್ಣೆ ಮೆತ್ತಿಕೊಂಡಿತು. ಸಾಮಾನ್ಯ ಸಭೆ ವರ್ಷವರ್ಷವೂ ನಿರ್ಣಯ ಮಾಡಿತು, 2014ರಲ್ಲಿ ನಷ್ಟವನ್ನು 85 ಕೋಟಿ 64 ಲಕ್ಷ ಡಾಲರ್ ಎಂದೂ ನಮೂದಿಸಿತು. ಇಸ್ರೇಲ್ ಕೊಟ್ಟಿಲ್ಲ, ಕೊಡಿಸುವ ಅಧಿಕಾರ ಸಭೆಗಿಲ್ಲ. ದಾಖಲೆ ಮಾತ್ರ ಉಳಿದಿದೆ. ದಾಖಲೆಯೇ ಬೇಕಾದವರಿಗೆ ಅದು ಕಡಿಮೆಯೇನಲ್ಲ.

ಅಂತರ್ಯುದ್ಧ, ಮತ್ತು ಇನ್ನೂ ಯುದ್ಧ ಬಾರದ ಜಾಗ

ಇಂದಿನ ಯುದ್ಧಗಳಲ್ಲಿ ಹೆಚ್ಚಿನವು ದೇಶದೊಳಗಿನವು. ಅಲ್ಲಿ ಮೊದಲನೇ ಪ್ರೋಟೋಕಾಲ್ ಇಲ್ಲ, ರೋಮ್ ಶಾಸನದ ಪರಿಸರ ಕಲಮೂ ಇಲ್ಲ. ಉಳಿಯುವುದು ಲೂಟಿ, ಆಸ್ತಿನಾಶದಂಥ ಬೇರೆ ಯುದ್ಧಾಪರಾಧಗಳು, ದೇಶಗಳು ಪಾಲಿಸುತ್ತ ಬಂದು ಕಾನೂನಾಗಿರುವ ರೂಢಿಗತ ಕಾನೂನು, ಮತ್ತು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2022ರಲ್ಲಿ ಅಂಗೀಕರಿಸಿದ 27 ತತ್ವಗಳು. ಈ ತತ್ವಗಳು ಯುದ್ಧಕ್ಕೆ ಮುಂಚೆ, ಯುದ್ಧದ ನಡುವೆ, ಯುದ್ಧದ ಬಳಿಕ ಹೀಗೆ ಮೂರೂ ಕಾಲವನ್ನು, ಎರಡೂ ಬಗೆಯ ಯುದ್ಧವನ್ನು ಒಳಗೊಳ್ಳುತ್ತವೆ. ಆಕ್ರಮಿತ ಪ್ರದೇಶದ ಆಡಳಿತ, ಯುದ್ಧವಲಯದಲ್ಲಿ ವ್ಯಾಪಾರ ಮಾಡುವ ಕಂಪನಿಗಳ ಜವಾಬ್ದಾರಿ, ಸಮುದ್ರದಲ್ಲಿ ಉಳಿದ ಸ್ಫೋಟಕಗಳವರೆಗೆ ಮಾತಾಡುತ್ತವೆ. ಇವು ಒಪ್ಪಂದವಲ್ಲ, ಉಲ್ಲಂಘಿಸಿದರೆ ಯಾವ ನ್ಯಾಯಾಲಯಕ್ಕೂ ನೇರವಾಗಿ ಹೋಗಲಾಗದು. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ 32 ನಿಯಮಗಳನ್ನೂ ಇವುಗಳ ಜೊತೆಗಿಟ್ಟು ಓದಬೇಕು.

ಹಾನಿ ಆಗುವ ಮುಂಚೆ ತಡೆಯಬೇಕೆನ್ನುವವರಿಗೆ ನಾನು ಕಣ್ಣುಮುಚ್ಚಿ ಸೂಚಿಸುವುದು ಇವನ್ನೇ. ಸೇನೆಯ ಕೈಪಿಡಿಯಲ್ಲಿ ಸೇರಿಸಿ ಎಂದು ಒತ್ತಾಯಿಸಲು, ಕಾಡು ಅಥವಾ ನದೀಮೂಲವನ್ನು ಸಂರಕ್ಷಿತ ವಲಯವೆಂದು ಯುದ್ಧಕ್ಕೆ ಮೊದಲೇ ಘೋಷಿಸಿ ಎಂದು ಕೇಳಲು, ಶಾಂತಿ ಒಪ್ಪಂದದಲ್ಲಿ ಶುಚೀಕರಣದ ಸಾಲೊಂದು ಇರಲಿ ಎಂದು ಹಟ ಹಿಡಿಯಲು ಇಲ್ಲಿ ಸಿದ್ಧ ಮಾತುಗಳಿವೆ. ನೀವು ಸಂಸದರೊಬ್ಬರಿಗೆ ಮನವಿ ಬರೆಯುವವರಾದರೆ ಪ್ರೋಟೋಕಾಲ್‌ಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಆಯ್ಕೆ

ನೀವು ಸರ್ಕಾರದ ಪರ ಕೆಲಸ ಮಾಡುವವರಾಗಿದ್ದು ಹಣ ಬೇಕಿದ್ದರೆ: ಆಕ್ರಮಣವೇ ಅಕ್ರಮ ಎಂದು ತೋರಿಸಬಲ್ಲಿರಾದರೆ ಪರಿಹಾರ ಆಯೋಗಕ್ಕೆ ಪ್ರಯತ್ನಿಸಿ, ಅದು ಸಿಗದಿದ್ದರೆ ಐಸಿಜೆ. ಐಸಿಜೆಗೆ ಹೋಗುವಾಗ ಸಾವಿರ ಕೋಟಿಯ ಅಂದಾಜಿಗಿಂತ ಲೆಕ್ಕವಿರುವ ಚಿಕ್ಕ ಮೊತ್ತಕ್ಕೆ ಬೆಲೆ ಹೆಚ್ಚು. ಸಂಘಟನೆಯವರಾಗಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ, ಸ್ಥಳೀಯ ಪೊಲೀಸ್ ದೂರು ಮತ್ತು ಐಸಿಸಿಗೆ 15ನೇ ವಿಧಿಯ ಮಾಹಿತಿ, ಎರಡನ್ನೂ ಒಟ್ಟಿಗೆ ಮಾಡಬಹುದು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಅಂತರ್ಯುದ್ಧವಾದರೆ ಮನುಷ್ಯರ ಹಾನಿಯ ಕಲಮುಗಳನ್ನು ಹಿಡಿಯಿರಿ. ಸಂಶೋಧನಾ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳು ಪರಿಹಾರ ಆಯೋಗದ ಪರಿಸರ ಸಮಿತಿಯ ವರದಿಗಳನ್ನು ಓದಲಿ, ಅಲ್ಲಿ ಇನ್ನೂ ಯಾರೂ ಅಗೆಯದ ಗಣಿಯಿದೆ.

ಯಾವುದನ್ನೇ ಆರಿಸಿ, ಬಾಗಿಲ ಹಿಂದಿರುವವರು ಕೇಳುವ ಮೊದಲ ಪ್ರಶ್ನೆ ‘ಮೊದಲು ಹೇಗಿತ್ತು?’ ಎಂಬುದೇ. ಹಾಗಾಗಿ ಎಣ್ಣೆ ಬಿದ್ದ ಜಾಗದ ಮಣ್ಣಿನ ಜೊತೆಗೆ, ಎಣ್ಣೆ ಮುಟ್ಟದ ಮೇಲ್ದಂಡೆಯ ಮಣ್ಣನ್ನೂ ತೆಗೆದಿಡಿ. ಪ್ಲಾಸ್ಟಿಕ್ ಬೇಡ, ಗಾಜಿನ ಸೀಸೆ ಇರಲಿ. ಮೇಲಿನ ಚೀಟಿಯಲ್ಲಿ ಜಾಗದ ಜಿಪಿಎಸ್ ಅಂಕಿ, ದಿನಾಂಕ, ಗಂಟೆ, ಎಷ್ಟು ಆಳದಿಂದ ತೆಗೆದದ್ದು, ತೆಗೆದವರ ಸಹಿ. ಸೀಸೆ ಕೈ ಬದಲಾದಾಗಲೆಲ್ಲ ಯಾರಿಂದ ಯಾರಿಗೆ ಎಂದು ಇನ್ನೊಂದು ಸಾಲು. ಸಿಡಿಯದ ಬಾಂಬು, ನೆಲಬಾಂಬು ಇರಬಹುದಾದ ಜಾಗಕ್ಕೆ ದಯವಿಟ್ಟು ಕಾಲಿಡಬೇಡಿ; ಅಂಥ ಕಡೆಗೆ ಉಪಗ್ರಹ ಚಿತ್ರಗಳಿವೆ. ಲ್ಯಾಂಡ್‌ಸ್ಯಾಟ್‌ನ ಚಿತ್ರಗಳು 1972ರಿಂದ, ಸೆಂಟಿನೆಲ್-2ರವು 2015ರಿಂದ, ಎರಡೂ ಉಚಿತವಾಗಿ ಸಿಗುತ್ತವೆ. ಯುದ್ಧ ಶುರುವಾದ ತಿಂಗಳಿನ ಹಿಂದಿನ ವರ್ಷದ ಅದೇ ತಿಂಗಳ ಚಿತ್ರವನ್ನು ಮೊದಲು ಇಳಿಸಿಕೊಳ್ಳಿ.